ಹಗೇವು ತೆಗೆಸಿದ ಮಾಸ್ತರರು

ಮೊನ್ನೆ ಭಾಲ್ಕಿಯ ನಮ್ಮ ಓಣಿಯಲ್ಲಿ ಒಳಚರಂಡಿಯ ಪೈಪು ಹಾಕಲು ನೆಲ ಅಗೆಯುತ್ತಿದ್ದರು. ಜೆಸಿಬಿಯ ಹಲ್ಲು ಒಂದು ಚಪ್ಪಡಿಗೆ ತಾಗಿ ಕಲ್ಲು ಪಕ್ಕಕ್ಕೆ ಸರಿಯಿತು. ಕೆಳಗೆ ದುಂಡನೆಯ ಕತ್ತಲು. ನಾನು ಕಟ್ಟೆಯ ಮೇಲೆ ಕುಳಿತು ನೋಡುತ್ತಿದ್ದೆ. ಮೊದಲು ಏನೂ ಆಗಲಿಲ್ಲ. ಆಮೇಲೆ ಆ ವಾಸನೆ ಬಂತು... ಹುಳಿತ ಜೋಳದ್ದು, ಹಸಿ ಮಣ್ಣಿನದು, ಎಷ್ಟೋ ವರ್ಷ ಉಸಿರು ಬಿಗಿಹಿಡಿದು ಕುಳಿತಂಥದ್ದು. ಕೆಲಸದವನೊಬ್ಬ ಬಗ್ಗಿ ಒಳಗೆ ಇಣುಕಲು ಹೋದ. ನಾನು ಹೇಗೆ ಚೀರಿದೆನೆಂದರೆ ಜೆಸಿಬಿಯವನು ಯಂತ್ರವನ್ನೇ ನಿಲ್ಲಿಸಿಬಿಟ್ಟ.

“ಹಿಂದ ಸರಿಯಪ್ಪಾ! ಒಳಗ ಇಳಿಬ್ಯಾಡ!”

“ಇಳಿಲಿಕ್ಕಿಲ್ರಿ ಅಜ್ಜಿ, ಬರೀ ನೋಡ್ಲತ್ತೀನಿ,” ಎಂದು ಅವನು ನಕ್ಕ.

ಅವನು ಹಿಂದೆ ಸರಿಯುವವರೆಗೆ ನಾನು ಕೂಗುವುದು ನಿಲ್ಲಿಸಲಿಲ್ಲ. ಸೊಸೆ ನೀರು ತಂದುಕೊಟ್ಟಳು, ಬಿಸಿಲಿಗೆ ಹೀಗಾಯಿತೆಂದುಕೊಂಡಳು. ನಾನೂ ಹೌದೆಂದೆ. ಆದರೆ ನನ್ನ ಕಣ್ಣಮುಂದೆ ಇದ್ದದ್ದು ಬಿಸಿಲಲ್ಲ, ನಮ್ಮ ಬಾಜೂಮನೆಯ ಮಾಸ್ತರ್ ಕಾಕಾ. ಅವರ ಮುಖ ಇಷ್ಟು ಸ್ಪಷ್ಟವಾಗಿ ನನಗೆ ಕಂಡು ಬಹಳ ಕಾಲವಾಗಿತ್ತು.

ಹಗೇವು ಎಂದರೆ ಈಗಿನ ಮಕ್ಕಳಿಗೆ ಗೊತ್ತಿಲ್ಲ. ನೆಲದೊಳಗೆ ಗಡಿಗೆಯ ಹೊಟ್ಟೆಯಂತೆ ತೋಡಿ, ಒಳಗೋಡೆಗೆ ಹುಲ್ಲು ಹೊಂದಿಸಿ, ಜೋಳ ತುಂಬಿ, ಬಾಯಿಗೆ ಚಪ್ಪಡಿ ಎಳೆದು ಮಣ್ಣು ಮೆತ್ತುತ್ತಿದ್ದರು. ಬೇಸಿಗೆಯಲ್ಲಿ ಒಣ ಜೋಳ ತುಂಬಿದರೆ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಇಂಥದ್ದೊಂದು ನಮ್ಮ ಹಿತ್ತಿಲಲ್ಲಿತ್ತು, ಗೋಡೆಯಾಚೆ ಕಾಕಾ ಅವರ ಹಿತ್ತಿಲಲ್ಲೂ ಒಂದಿತ್ತು.

ನಾನು ಔರಾದ್ ಕಡೆಯವಳು. ತವರಿನಲ್ಲಿ ಮರಾಠಿ, ಇಲ್ಲಿ ಕನ್ನಡ. ಮದುವೆಯಾಗಿ ಭಾಲ್ಕಿಗೆ ಬಂದಾಗ ಎರಡನ್ನೂ ಕಲಸಿ ಮಾತಾಡುತ್ತಿದ್ದೆ. ಮನೆಯಲ್ಲಿ ಅತ್ತೆ, ನಮ್ಮವರು, ಮೈದುನ, ಇಷ್ಟೇ ಜನ. ನಮ್ಮವರು ತಹಸೀಲ್ ಕಚೇರಿಯಲ್ಲಿ ಗುಮಾಸ್ತರು. ಮೈದುನ ತಾಲೀಮಿನ ಪೈಲ್ವಾನ. ಮೈಗೆ ಕೆಮ್ಮಣ್ಣು ಮೆತ್ತಿಕೊಂಡೇ ಮನೆಗೆ ಬಂದು, “ವೈನಿ, ಇನ್ನೊಂದು ರೊಟ್ಟಿ” ಎಂದು ಕೂಗುವವನು. ಆ ಮನೆಯಲ್ಲಿ ನನ್ನನ್ನು ಮೊದಲು ನಗಿಸಿದವನು ಅವನೇ.

ಮಾಸ್ತರ್ ಕಾಕಾ ಸಾಲೆಯಲ್ಲಿ ಲೆಕ್ಕ ಕಲಿಸುತ್ತಿದ್ದರು. ಕಲಿಸುವುದು ಉರ್ದುವಿನಲ್ಲಿ, ಮನೆಯಲ್ಲಿ ಕನ್ನಡ, ಬಾಜಾರಿನಲ್ಲಿ ಮರಾಠಿ. ಎತ್ತರದ ಆಳು, ಕರಿ ಟೋಪಿ, ನಡೆಯುವಾಗ ಕೈ ಹಿಂದೆ ಕಟ್ಟಿಕೊಳ್ಳುವರು. ಯಾವ ಮಾತಿಗೂ ಒಂದು ಕಾರಣ ಇರಬೇಕು, ಕಾರಣಕ್ಕೆ ಒಂದು ಉತ್ತರ ಇರಬೇಕು ಎಂಬ ಸ್ವಭಾವ. ಓಣಿಯಲ್ಲಿ ಜಗಳವಾದರೆ ಅವರನ್ನು ಕರೆಯುತ್ತಿದ್ದರು. “ಮೊದಲು ಯಾರು ಮಾಡಿದ್ರು, ಅಷ್ಟು ಹೇಳ್ರಿ” ಎಂದು ಕೇಳಿ, ಮೊದಲು ಮಾಡಿದವನನ್ನು ಹಿಡಿದು, ತೀರ್ಪು ಮುಗಿಸಿ ಎದ್ದುಬಿಡುತ್ತಿದ್ದರು. ಮಕ್ಕಳಿರಲಿಲ್ಲ. ಹೆಂಡತಿ ಕಾಕು ಬಗದಲ್‌ನವರು, ಕಡಿಮೆ ಮಾತಿನವರು.

ಅದು ಹೈದರಾಬಾದ್ ರಾಜ್ಯ ಒಡೆದು ನಮ್ಮನ್ನು ಮೈಸೂರಿಗೆ ಸೇರಿಸಲಿದ್ದ ವರ್ಷ. ಮೈಸೂರು ಎಂದರೆ ಎಲ್ಲಿ, ಹೇಗಿದೆ ಎಂದು ನಮ್ಮ ಓಣಿಯಲ್ಲಿ ಯಾರೂ ಕಂಡವರಿರಲಿಲ್ಲ. ಉದಗೀರ್ ಕಡೆಯವರು ಮುಂಬೈ ರಾಜ್ಯಕ್ಕೆ ಹೋಗುತ್ತಾರಂತೆ ಎಂಬ ಸುದ್ದಿ ಬಂದಾಗ ನಾನು ಹೆದರಿದೆ. ನನ್ನ ಅಕ್ಕನನ್ನು ಉದಗೀರಿಗೆ ಕೊಟ್ಟಿತ್ತು. ನಡುವೆ ಗೋಡೆ ಕಟ್ಟುತ್ತಾರೋ, ಸಿಪಾಯಿಗಳನ್ನು ನಿಲ್ಲಿಸುತ್ತಾರೋ... ಕೇಳಿದರೆ ನಮ್ಮವರಿಗೂ ಗೊತ್ತಿಲ್ಲ. ಅವರಿಗೆ ಅವರದೇ ಭಯ. ಉರ್ದುವಿನಲ್ಲಿ ಓದಿದ ಗುಮಾಸ್ತನನ್ನು ಹೊಸ ಸರಕಾರ ಇಟ್ಟುಕೊಳ್ಳುತ್ತದೋ ಇಲ್ಲವೋ ಎಂದು.

ಈ ಭಯದ ಕೆಳಗೆ ಇನ್ನೊಂದು ಹಳೆಯ ಭಯವಿತ್ತು. ರಜಾಕಾರರ ಗದ್ದಲ, ಅದರ ಹಿಂದೆಯೇ ಬಂದ ಇನ್ನೊಂದು ಗದ್ದಲ, ಇವು ಮುಗಿದು ಬಹಳ ವರ್ಷವೇನೂ ಆಗಿರಲಿಲ್ಲ. ಒಮ್ಮೆ ಈ ಓಣಿಯವರು ಓಡಿದ್ದರು, ಒಮ್ಮೆ ಆ ಓಣಿಯವರು. ಬಾಗಿಲಿಗೆ ಆಗ ಹಾಕಿಸಿದ ಎರಡನೆಯ ಅಗಳಿಯನ್ನು ಯಾರೂ ತೆಗೆಸಿರಲಿಲ್ಲ. ಸರಕಾರ ಬದಲಾಗುತ್ತದೆ ಎಂದರೆ ಹೆಂಗಸರಿಗೆ ತಿಳಿಯುತ್ತಿದ್ದದ್ದು ಒಂದೇ: ಮತ್ತೆ ಏನೋ ಆಗುತ್ತದೆ.

ಯಾರು ಮೊದಲು ಅಂದರೋ, ಉದಗೀರ್ ಕಡೆಯಿಂದ ಬರುವ ಜೋಳದ ಬಂಡಿಗಳನ್ನು ಇನ್ನು ಗಡಿಯಲ್ಲಿ ತಡೆಯುತ್ತಾರಂತೆ ಎಂಬ ಮಾತು ಹಬ್ಬಿತು. ಮಳೆಗಾಲ ಮುಗಿಯುವ ಹೊತ್ತು, ಹೊಸ ಜೋಳ ಇನ್ನೂ ಹೊಲದಲ್ಲಿತ್ತು. ಅತ್ತೆ ಒಂದು ಚೀಲ ಹೆಚ್ಚಿಗೆ ತರಿಸಿದರು. ಎದುರುಮನೆಯವರು ಅದನ್ನು ನೋಡಿ ತಾವೂ ತರಿಸಿದರು. ಯಾರೂ ತಪ್ಪು ಮಾಡಲಿಲ್ಲ. ಮಕ್ಕಳಿರುವ ಮನೆಯಲ್ಲಿ ಒಂದು ಚೀಲ ಹೆಚ್ಚಿಗೆ ಇಡುವುದು ಶಾಣ್ಯಾತನವೇ. ನಮ್ಮ ಕಾಳಿನ ಪೇಟೆಗೆ ಗಂಜ್ ಎನ್ನುತ್ತಾರೆ. ಗಂಜಿನ ಅಡತಿ ಸಾವಕಾರರ ಅಂಗಡಿಯಲ್ಲಿ ಚೀಲಗಳ ರಾಶಿ ದಿನದಿನಕ್ಕೆ ಕುಗ್ಗಿತು. ಆ ಮುದುಕ ಹೆದರಿ ಬಾಗಿಲಿನ ಎರಡು ಕದಗಳಲ್ಲಿ ಒಂದು ಪಡಕ ಮುಚ್ಚಿಕೊಂಡು ವ್ಯಾಪಾರ ಶುರುಮಾಡಿದರು. ಆ ಮುಚ್ಚಿದ ಪಡಕವನ್ನು ನೋಡಿದವರು ಮನೆಗೆ ಓಡಿ ಇನ್ನೊಬ್ಬರನ್ನು ಕರೆತಂದರು.

ಇದೆಲ್ಲ ಕಾಕಾಗೆ ಸಹಿಸಲಾಗಲಿಲ್ಲ. ಒಂದು ಸಂತೆಯ ದಿನ ಚಾವಡಿಯ ಮುಂದಿನ ಕಟ್ಟೆ ಹತ್ತಿ ನಿಂತರು. ನಾನು ಅತ್ತೆಯ ಜೊತೆ ಕಾಯಿಪಲ್ಲೆ ಕೊಳ್ಳಲು ಹೋಗಿದ್ದೆ, ಕಣ್ಣಾರೆ ಕಂಡೆ.

“ಜೋಳ ಬೇಕಾದಷ್ಟು ಅದ. ಬಂಡಿ ನಿಲ್ಲಿಸ್ರಿ ಅಂತ ಯಾರೂ ಹುಕುಂ ಕೊಟ್ಟಿಲ್ಲ,” ಎಂದರು. “ಯಾರೂ ಫಿಕರ್ ಮಾಡಬ್ಯಾಡ್ರಿ. ದಿನಾ ಒಯ್ಯೋವಷ್ಟೇ ಒಯ್ರಿ.”

ಜನ ಸುಮ್ಮನೆ ಕೇಳಿದರು. ಕೆಲವರು ತಲೆಯಾಡಿಸಿದರು. ಕಾಕಾ ಸಮಾಧಾನದಿಂದ ಕೆಳಗಿಳಿದು ಬಂದರು. ಮರುದಿನ ಬೆಳಕು ಹರಿಯುವುದರೊಳಗೆ ಅಂಗಡಿಯ ಮುಂದೆ ಹಿಂದೆಂದೂ ಇಲ್ಲದಷ್ಟು ಜನ. ಅವರ ನಡುವೆ ನಮ್ಮ ಅತ್ತೆ, ಮೈದುನನ ತಲೆಯ ಮೇಲೊಂದು ಚೀಲ.

ಕಾಕಾ ಅಂದು ಸಂಜೆ ನಮ್ಮ ಅಂಗಳಕ್ಕೆ ಬಂದರು. ಸಿಟ್ಟಾಗಿದ್ದರು.

“ಅಕ್ಕಾ, ನೀವಾದ್ರೂ ಯಾಕ ತಂದ್ರಿ? ನಾ ಅಷ್ಟು ಹೇಳಿದ್ನಲ್ರಿ?”

ಅತ್ತೆ ಮೊರದಲ್ಲಿ ಜೋಳ ಕೇರುತ್ತಲೇ ಉತ್ತರ ಕೊಟ್ಟರು. “ನೀವು ಹೇಳಿದ್ರಿ ಅಂತಾನೇ ತಂದೆ ಮಾಸ್ತರ್. ಯಾವತ್ತಾದ್ರೂ ನೀವು ಸಂತ್ಯಾಗ ನಿಂತು ಮಾತಾಡೀರೇನು? ನಿಮ್ಮಂಥವರು ಕಟ್ಟಿ ಹತ್ತಿ ಫಿಕರ್ ಮಾಡಬ್ಯಾಡ್ರಿ ಅಂತೀರಂದ್ರ, ಫಿಕರ್ ಮಾಡೋ ಮಾತು ಏನೋ ಅದ ಅಂತ ನನಗ ಅವತ್ತೇ ಖರೇ ಅನಿಸ್ತು.”

ಕಾಕಾ ಅವರ ಸಿಟ್ಟು ಇಳಿದು ಅದರ ಜಾಗದಲ್ಲಿ ಬೇರೆ ಏನೋ ಬಂದದ್ದನ್ನು ನಾನು ನೋಡಿದೆ. ಭಯವೇ ಇರಬೇಕು. ತಾನು ನೀರು ಎಂದುಕೊಂಡು ಸುರಿದದ್ದು ಎಣ್ಣೆಯಾಗಿತ್ತು ಎಂದು ತಿಳಿದವರ ಮುಖ ಹಾಗಿರುತ್ತದೆ.

ಮರುದಿನದಿಂದ ಅವರು ಮನೆಮನೆಗೆ ಹೋದರು. ಬುದ್ಧಿ ಹೇಳಲು ಅಲ್ಲ, ಕೇಳಲು. ನೀವು ಅಂಗಡಿಗೆ ಹೋಗುವ ಮೊದಲು ಏನು ನೋಡಿದಿರಿ, ಯಾರನ್ನು ನೋಡಿದಿರಿ? ಇವರು ಅವರನ್ನು ನೋಡಿದ್ದರು, ಅವರು ಇನ್ನೊಬ್ಬರನ್ನು. ಅವರನ್ನು ಕೇಳಿದರೆ ಮತ್ತೆ ಇವರನ್ನೇ ತೋರಿಸಿದರು. ಕಾಕಾ ಸೋತು ಬಂದು ಗೋಡೆಯ ಬಳಿ ನಿಂತರು. ನಾನು ಈಚೆ ಬಟ್ಟೆ ಒಣಹಾಕುತ್ತಿದ್ದೆ.

“ಮೊದಲು ಯಾರು ಮಾಡಿದ್ರಂತ ಹುಡುಕ್ಲತ್ತಿದ್ದೆ ಅವ್ವಾ. ಮೊದಲನೇದವ್ರು ಯಾರೂ ಇಲ್ಲ,” ಎಂದರು. “ಒಬ್ಬೊಬ್ಬರನ್ನ ಕೇಳಿದ್ರ ಎಲ್ಲಾರೂ ಶಾಣ್ಯಾರೇ. ಶಾಣ್ಯಾರೆಲ್ಲ ಕೂಡೇ ಊರಿಗಿ ಹುಚ್ಚು ಹಿಡಿಸ್ಯಾರ. ಇದಕ ಯಾರನ್ನ ಬೈಯಲಿ?”

ನನಗೆ ಅರ್ಥವಾಯಿತೆಂದು ಹೇಳಲಾರೆ. ಇಷ್ಟು ಗೊತ್ತಾಯಿತು: ಬೈಯಲು ಒಬ್ಬ ಮನುಷ್ಯ ಸಿಗದಿದ್ದರೆ ಭಯ ಇನ್ನೂ ಹೆಚ್ಚುತ್ತದೆ.

ಜನರಿಗಂತೂ ಮನುಷ್ಯ ಸಿಕ್ಕಿದ. ಸಾವಕಾರರ ಅಂಗಡಿ ಬರಿದಾಗುತ್ತ ಬಂದಂತೆ, ಮುದುಕ ಕತ್ತಲಲ್ಲಿ ಜೋಳವನ್ನು ಗಡಿಯಾಚೆ ಸಾಗಿಸುತ್ತಿದ್ದಾನೆ ಎಂಬ ಮಾತು ಹುಟ್ಟಿತು. ಈಗ ತಂದ ಜೋಳವನ್ನು ಮನೆಯಲ್ಲಿಡಲೂ ಹೆದರಿಕೆ. ನಾಳೆ ಲೂಟಿ ಬಿದ್ದರೆ? ಬಹಳ ಮನೆಗಳಲ್ಲಿ ಹಳೆಯ ಹಗೇವುಗಳ ಮಣ್ಣು ಕೆದರಿದರು. ಮಳೆಯಲ್ಲಿ ನೆನೆದ ನೆಲ, ಒಳಗೆ ಒರತೆಯ ತೇವ, ಜೋಳವೂ ಪೂರ್ತಿ ಒಣಗಿದ್ದಲ್ಲ. ಆ ಕಾಲದಲ್ಲಿ ಯಾರೂ ಹಗೇವು ತುಂಬುವುದಿಲ್ಲ. ಆ ವರ್ಷ ತುಂಬಿದರು. ನಮ್ಮ ಅತ್ತೆಯೂ ತುಂಬಿಸಿದರು.

ಕಾಕಾ ತಮ್ಮ ಹಿತ್ತಿಲಿನ ಚಪ್ಪಡಿಯ ಮೇಲೆ ಹೊಸ ಮಣ್ಣು ಕಂಡದ್ದು ಅದೇ ವಾರ. ಅವರು ಸಾಲೆಗೆ ಹೋದಾಗ ಕಾಕು ಬಗದಲ್‌ನಿಂದ ಅಣ್ಣನ ಬಂಡಿ ತರಿಸಿ, ಜೋಳ ಇಳಿಸಿ, ಬಾಯಿ ಮುಚ್ಚಿಸಿದ್ದರು. ಗೋಡೆಯಾಚೆಯ ಮಾತು ನಮಗೆ ಕೇಳುತ್ತಿತ್ತು.

“ಊರಿಗೆಲ್ಲ ಬ್ಯಾಡ ಅಂದೆ. ನನ್ನ ಮನ್ಯಾಗೇ...”

“ನೀವು ಹೇಳಿದ್ದು ಕೇಳೀನ್ರಿ,” ಎಂದರು ಕಾಕು. ಅವರ ಧ್ವನಿ ಅಷ್ಟು ದೊಡ್ಡದಾಗಿ ನಾನು ಕೇಳಿದ್ದು ಅದೇ ಮೊದಲು. “ಆ ಗದ್ದಲದಾಗ ನೀವು ಹೈದರಾಬಾದಿನಾಗ ಇದ್ರಿ. ನಾ ಇಲ್ಲಿ ಕದ ಹಾಕ್ಕೊಂಡು ಹಸದು ಕುಂತಿದ್ದೆ. ಹುಣಸಿಬೀಜ ಹುರದು ತಿಂದೀನಿ. ನಿಮಗ ಲೆಕ್ಕ ಗೊತ್ತದ. ನನಗ ಹಸಿವು ಗೊತ್ತದ.”

ಕಾಕಾ ಚಪ್ಪಡಿಯನ್ನು ಮುಟ್ಟದೆ ಒಳಗೆ ಹೋದರು.

ಮತ್ತೊಂದು ಸಂತೆ ಬಂತು. ನಮ್ಮವರನ್ನು ಕಚೇರಿಯ ಕಾಗದಪತ್ರಗಳ ಜೊತೆ ಬೀದರಿಗೆ ಕರೆಸಿದ್ದರು, ಬಸ್ಸಿನಲ್ಲಿ ಹೋಗಿದ್ದರು. ಬೆಳಿಗ್ಗೆಯೇ ಸಾವಕಾರರು ಅಂಗಡಿಯ ಎರಡೂ ಪಡಕ ಮುಚ್ಚಿ, ಹೆಂಡತಿ, ಸೊಸೆ, ಮೊಮ್ಮಕ್ಕಳ ಸಮೇತ ಒಳಗೆ ಕುಳಿತರು. ಮಾರಲು ಒಳಗೇನೂ ಇರಲಿಲ್ಲ ಎಂದು ಆಮೇಲೆ ತಿಳಿಯಿತು. ಆದರೆ ಮುಚ್ಚಿದ ಬಾಗಿಲ ಹಿಂದೆ ಏನೂ ಇಲ್ಲವೆಂದು ಹಸಿವಿಗೆ ಹೆದರಿದವನನ್ನು ನಂಬಿಸುವವರು ಯಾರು? ಮೈದುನ ಓಡಿಬಂದು ಹೇಳಿದ: ಜನ ಸೇರುತ್ತಿದ್ದಾರೆ, ಕಲ್ಲು ಬೀಳುತ್ತಿದೆ, ಯಾರೋ ಬೆಂಕಿ ಹಚ್ಚಲು ರಾಕೆಲ್ ಎಣ್ಣೆಯ ಡಬ್ಬಿ ತಂದಿದ್ದಾರೆ. ಗಂಜಿನ ಕಡೆಯಿಂದ ಬರುವ ಗದ್ದಲ ನಮ್ಮ ಅಂಗಳಕ್ಕೇ ಕೇಳುತ್ತಿತ್ತು. ಅದು ಮಾತಲ್ಲ, ಕೂಗೂ ಅಲ್ಲ... ಹೊಳೆ ಏರುವಾಗಿನಂಥ ಸದ್ದು. ಅತ್ತೆ ಎರಡನೆಯ ಅಗಳಿ ಹಾಕಿದರು.

ಕಾಕಾ ಹಿತ್ತಿಲಿಗೆ ಬಂದು ಹೆಂಡತಿಯ ಮುಂದೆ ನಿಂತದ್ದನ್ನು ನಾನು ಗೋಡೆಯ ಮೇಲಿಂದ ನೋಡಿದೆ.

“ಈಗ ನಾ ಏನ್ ಮಾತಾಡಿದ್ರೂ ಬೆಂಕಿಗೆ ತುಪ್ಪ. ಅವರ ಕಣ್ಣು ಚೀಲದ ಮ್ಯಾಲ ಅದ,” ಎಂದರು. “ಹಗಲಾಗೇ, ಬಾಜಾರದ ನಡುವಿಂದ, ಮುಂದಿನ ಬಾಗಿಲಿನಿಂದ ಜೋಳ ಒಳಗ ಹೋಗೋದು ಅವರಿಗಿ ಕಾಣಬೇಕು. ನಿನ್ನ ಜೋಳ ಅದು. ನೀ ಬ್ಯಾಡ ಅಂದ್ರ ತೆಗಿಯಂಗಿಲ್ಲ.”

ಕಾಕು ಗಂಜಿನ ಸದ್ದು ಕೇಳುತ್ತ ನಿಂತರು. ಅಲ್ಲಿ ಬಾಗಿಲು ಹಾಕಿಕೊಂಡು ಕುಳಿತ ಹೆಂಗಸರ ನೆನಪಾಯಿತೋ ಏನೋ. “ತೆಗೀರಿ,” ಎಂದರು, ಮತ್ತು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕುಳಿತುಬಿಟ್ಟರು.

ಇಬ್ಬರು ಆಳುಗಳು ಚಪ್ಪಡಿ ಸರಿಸಿದರು. ಕಾಕಾ ಕಂದೀಲು ಹಚ್ಚಿ ಹಗ್ಗಕ್ಕೆ ಕಟ್ಟಿ ಒಳಗೆ ಬಿಟ್ಟರು. ಒಳಗಿನ ಗಾಳಿ ಕೆಟ್ಟಿದ್ದರೆ ದೀಪ ಉರಿಯುವುದಿಲ್ಲ. ಸ್ವಲ್ಪ ಇಳಿಯುತ್ತಲೇ ದೀಪ ಫಕ್ಕನೆ ಆರಿತು. ಆಳುಗಳು ಹಿಂದೆ ಸರಿದರು. ಕಂಬಳಿಯಿಂದ ಗಾಳಿ ಹೊಡೆದರು, ಕಾದರು, ಮತ್ತೆ ಇಳಿಸಿದರು, ಮತ್ತೆ ಆರಿತು. ಗಂಜಿನ ಗದ್ದಲ ಏರುತ್ತಲೇ ಇತ್ತು. ಕಾಕಾ ಅವರ ಅಂಗಿ ಬೆನ್ನಿಗೆ ಅಂಟಿತ್ತು, ಆದರೂ ದೀಪ ಉರಿಯುವವರೆಗೆ ಯಾರನ್ನೂ ಇಳಿಯಗೊಡಲಿಲ್ಲ. ಆಮೇಲೆ ಚೀಲಗಳು ಮೇಲೆ ಬಂದವು. ಬಂಡಿಯ ಮೇಲೆ ಹೇರಿ, ಮುಂದೆ ಕಾಕಾ ಕೈ ಹಿಂದೆ ಕಟ್ಟಿಕೊಂಡು ನಡೆದರು, ದಿನಾ ಸಾಲೆಗೆ ಹೋಗುವಂತೆಯೇ.

ಮುಂದೆ ಆದದ್ದು ಬಂಡಿಯ ಹಿಂದೆ ಹೋಗಿದ್ದ ಮೈದುನ ಹೇಳಿ ಕೇಳಿದ್ದು. ಬಂಡಿ ಬಂದಾಗ ಜನ ದಾರಿ ಬಿಡಲಿಲ್ಲವಂತೆ. ಕಾಕಾ ಏನೂ ಮಾತಾಡದೆ ನಿಂತರಂತೆ. ಎತ್ತುಗಳು ತಾವಾಗಿ ಮುಂದೆ ಸರಿದವು, ಜನ ಹಿಂದೆ ಸರಿದರು. ಕಾಕಾ ಬಾಗಿಲು ತಟ್ಟಿ, “ಸಾವಕಾರ್ರೇ, ಮಾಲು ಬಂದದ, ಪೂರಾ ಬಾಗಲಾ ತೆಗೀರಿ” ಎಂದರಂತೆ. ಮುದುಕ ನಡುಗುತ್ತ ಎರಡೂ ಪಡಕ ತೆಗೆದರು. ಜನರ ಕಣ್ಣೆದುರಿಗೇ ಚೀಲ ಒಳಗೆ ಹೋದವು. ತೂಕದ ಕಲ್ಲು ತಕ್ಕಡಿಗೆ ಬಿದ್ದ ಸದ್ದು ಕೇಳಿದ ಮೇಲೆ, ಮುಂದೆ ನಿಂತಿದ್ದ ಯಾರೋ “ಸಾಲಾಗಿ ನಿಲ್ರೋ” ಎಂದರಂತೆ. ಡಬ್ಬಿ ತಂದವನು ಅದನ್ನು ಹಿಂದೆ ಮುಚ್ಚಿಟ್ಟುಕೊಂಡು ಮೆಲ್ಲನೆ ಜಾರಿದನಂತೆ.

“ವೈನಿ, ನೋಡಬೇಕಿತ್ತು ನೀವು!” ಮೈದುನನ ಕಣ್ಣು ಹೊಳೆಯುತ್ತಿದ್ದವು. “ಅದನ್ನ ನೋಡಿ ಓಣಿ ಮೂಲಿಮನಿಯವರೂ ತಮ್ಮ ಹಗೇವು ತೆಗಿಲತ್ತಾರ. ಅವ್ವಾ, ನಮ್ದೂ ತೆಗಿಯೋಣು. ಮಾಸ್ತರ್ ಒಬ್ಬರ ಜೋಳ ಎಷ್ಟೊತ್ತು ಸಾಕಾಗ್ತದ?”

ಅತ್ತೆ ಮಗನ ಮುಖ ನೋಡಿ ನಕ್ಕರು. ಎಷ್ಟೋ ವಾರಗಳ ಮೇಲೆ ನಕ್ಕದ್ದು ಅದು. “ತೆಗಿಯಪ್ಪ,” ಎಂದರು.

ಕಂದೀಲಿನ ಮಾತು ಬಂತು. ಖಂಡಿತ ಬಂತು. ನಾನೇ, “ಕಾಕಾ ಕಂದೀಲು ಬಿಟ್ಟಿದ್ರು,” ಎಂದೆ. ಅತ್ತೆ ಹೇಳಿದರು, ವರ್ಷಾನುಗಟ್ಟಲೆ ಮುಚ್ಚಿದ್ದಕ್ಕೆ ಕಂದೀಲು ಬೇಕು, ಮೊನ್ನೆ ಮೊನ್ನೆ ತುಂಬಿದ್ದರಲ್ಲಿ ಗಾಳಿ ಏನು ಕೆಡುತ್ತದೆ? ಅವರು ಹುಟ್ಟಿದಾಗಿನಿಂದ ಹಗೇವು ಕಂಡವರು. ಅವರು ಕಂಡದ್ದೆಲ್ಲ ಬೇಸಿಗೆಯ ಒಣ ಜೋಳದ ಹಗೇವು. ಹಸಿ ಜೋಳ ಕೆಲವೇ ದಿನಗಳಲ್ಲಿ ಏನು ಮಾಡುತ್ತದೆ ಎಂದು ಅವರೂ ಕಂಡಿರಲಿಲ್ಲ, ಬೇರೆ ಯಾರೂ ಕಂಡಿರಲಿಲ್ಲ. ನೆರೆಮನೆಯ ದೀಪ ಯಾಕೆ ಆರಿತೆಂದು ಕೇಳುವಷ್ಟು ವ್ಯವಧಾನ ಆ ಖುಷಿಯಲ್ಲಿ ನಮಗಾರಿಗೂ ಇರಲಿಲ್ಲ.

ಮೈದುನ ಚಪ್ಪಡಿಯನ್ನು ಒಬ್ಬನೇ ಸರಿಸಿದ. ಆ ವಾಸನೆ ಬಂತು. “ಥೂ, ಹುಳಿ ಹತ್ಯಾದ” ಎಂದು ಮೂಗು ಮುರಿದು, ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿ ಇಳಿದ. ಕಾಲು ಜೋಳಕ್ಕೆ ತಾಗಿದ ಸದ್ದು ಕೇಳಿತು. “ಚೀಲ ಒಗೀರಿ” ಎಂದ. ನಾನು ಚೀಲ ಒಗೆದೆ. ಅವನು ಅದನ್ನು ಹಿಡಿಯಲಿಲ್ಲ. ಆಯಾಸವಾದವನಂತೆ ಮೆಲ್ಲಗೆ ಕುಳಿತುಕೊಂಡ. ಗೋಡೆಗೆ ಒರಗಿದ. ನಿದ್ದೆ ಬಂದವರು ಒರಗುವಂತೆ...

ನಾನು ಕೂಗಿದ್ದು ನನಗೆ ನೆನಪಿಲ್ಲ. ಅತ್ತೆ “ನನ ಕೂಸೇ” ಎಂದು ಕಾಲು ಒಳಗೆ ಬಿಟ್ಟದ್ದು ನೆನಪಿದೆ. ಅಷ್ಟರಲ್ಲಿ ಕಾಕಾ ಗೋಡೆ ಹಾರಿ ಬಂದರು. ಆಗತಾನೆ ಗಂಜಿನಿಂದ ಮರಳಿದ್ದರು, ತಲೆಯ ಮೇಲೆ ಟೋಪಿ ಇರಲಿಲ್ಲ. ಎಂದೂ ಪರ ಹೆಂಗಸಿನ ಎದುರು ಕಣ್ಣೆತ್ತದ ಮನುಷ್ಯ, ನಮ್ಮ ಅತ್ತೆಯನ್ನು ಎರಡೂ ಕೈಗಳಿಂದ ಬಾಚಿ ಹಿಡಿದು ಹಿಂದಕ್ಕೆಳೆದರು. ಅತ್ತೆ ಕಚ್ಚಿದರು, ಪರಚಿದರು. ಕಾಕಾ ಬಿಡಲಿಲ್ಲ. ಓಡಿಬಂದ ಓಣಿಯ ಹುಡುಗನೊಬ್ಬ ಇಳಿಯಲು ಹೋದಾಗ, “ಕಾಲಿಟ್ಟರ ಕಾಲು ಮುರೀತೇನಿ!” ಎಂದು ಗದರಿದರು. ಕಂಬಳಿಯಿಂದ ಗಾಳಿ ಹೊಡೆಸಿದರು, ಹಗ್ಗದ ಕುಣಿಕೆ ಒಳಗೆ ಇಳಿಬಿಟ್ಟರು. ಕೊನೆಗೆ ಅವನನ್ನು ಮೇಲಕ್ಕೆಳೆದಾಗ ಅವನ ಮೈಯ ಮೇಲೆ ಬೆಳಗಿನ ತಾಲೀಮಿನ ಕೆಮ್ಮಣ್ಣು ಇನ್ನೂ ಇತ್ತು. ಉಸಿರು ಇರಲಿಲ್ಲ.

ಅತ್ತೆ ಮಗನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕಾಕಾ ಅವರನ್ನು ನೋಡಿದರು. ಎಂದೂ ‘ರಿ’ ಇಲ್ಲದೆ ಅವರನ್ನು ಮಾತಾಡಿಸಿದವರಲ್ಲ.

“ನೀ ತೆಗದಿ,” ಎಂದರು. “ನಿನ್ನ ನೋಡಿ ನಾವು ತೆಗದೆವು.”

ಕಾಕಾ ಅವರ ಕೈಯಿಂದ ರಕ್ತ ಇಳಿಯುತ್ತಿತ್ತು. ಹಾಗೇ ನಿಂತವರು ಇದ್ದಕ್ಕಿದ್ದಂತೆ ಬೆಚ್ಚಿಬಿದ್ದು ನನ್ನ ಕಡೆ ತಿರುಗಿದರು. “ಮೂಲಿಮನ್ಯಾಗೂ ತೆಗಿಲತ್ತಾರ...” ಎಂದರು. “ಜನ ಕಂಡದ್ದು ಚೀಲ ಅವ್ವಾ. ಕಂದೀಲು ಯಾರೂ ಕಂಡಿಲ್ಲ.” ಅಷ್ಟು ಹೇಳಿ ತಮ್ಮ ಮನೆಗೆ ಓಡಿ ಕಂದೀಲು ಹಿಡಿದುಕೊಂಡು ಓಣಿಗೆ ಬಿದ್ದರು.

ಹೆಣ ಅಂಗಳದಲ್ಲಿರುವಾಗ ಮಾಸ್ತರ ಓಡಿಹೋದ ಎಂದು ಬಂದವರೆಲ್ಲ ಆಡಿಕೊಂಡರು. ಅವರು ಅಂದು ಹಗೇವಿದ್ದ ಮನೆಗಳನ್ನೆಲ್ಲ ಸುತ್ತಿದರು. ಕೆಲವೆಡೆ ಚಪ್ಪಡಿ ಆಗಲೇ ಸರಿದಿತ್ತಂತೆ, ಒಂದು ಕಡೆ ಮನುಷ್ಯ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ನಿಂತಿದ್ದನಂತೆ. ಕಾಕಾ ಮಾತು ಬಿಟ್ಟು ದೀಪ ಇಳಿಸಿ ತೋರಿಸಿದರು. ಆರಿದ ದೀಪವನ್ನು ಅವರ ಕಣ್ಣಿಗೆ ಹಿಡಿದರು. ಬೇರೆ ಯಾವ ಮನೆಯಲ್ಲೂ ಸಾವು ಆಗಲಿಲ್ಲ. ಇದು ನಮಗೆ ತಿಳಿದದ್ದು ಎಷ್ಟೋ ದಿನಗಳ ಮೇಲೆ. ತಿಳಿದಾಗ ಅತ್ತೆ ಗೋಡೆಯ ಕಡೆ ಮುಖ ಮಾಡಿ ಮಲಗಿದರು.

ಮೈಸೂರಿಗೆ ಸೇರಿದ ದಿನ ಕಚೇರಿಯ ಮುಂದೆ ಬಾಜಾಬಜಂತ್ರಿ ಬಾರಿಸಿದರು, ಮಕ್ಕಳಿಗೆ ಪೇಡೆ ಹಂಚಿದರು. ನಮ್ಮ ಮನೆಯಲ್ಲಿ ಒಲೆ ಹೊತ್ತಿರಲಿಲ್ಲ. ಹೊಸ ಜೋಳ ಬಂತು. ಉದಗೀರಿನ ಬಂಡಿಗಳು ಮೊದಲಿನಂತೆಯೇ ಗಂಟೆ ಆಡಿಸುತ್ತ ಬಂದವು, ಯಾರೂ ತಡೆಯಲಿಲ್ಲ. ನನ್ನ ಅಕ್ಕ ಅಂಥದ್ದೇ ಒಂದು ಬಂಡಿಯಲ್ಲಿ ಕುಳಿತು ದುಃಖಕ್ಕೆ ಬಂದಳು. ಹಗೇವುಗಳಲ್ಲಿ ಉಳಿದು ಕಪ್ಪಾದ ಜೋಳವನ್ನು ದನವೂ ಮೂಸಲಿಲ್ಲ. ನಮ್ಮದರ ಬಾಯಿಯನ್ನು ನಮ್ಮವರು ಕಲ್ಲು ಮಣ್ಣು ತುಂಬಿ ಮುಚ್ಚಿದರು.

ಮುಂದಿನ ಬೇಸಿಗೆಯಲ್ಲಿ ಕಾಕಾಗೆ ಔರಾದಿಗೆ ವರ್ಗವಾಯಿತು. ಹೋಗುವ ದಿನ ಬಂಡಿಗೆ ಸಾಮಾನು ಹೇರುತ್ತಿದ್ದರು. ಆ ಸಾವಿನ ಮೇಲೆ ಗೋಡೆಯಾಚೆಗೆ ಮಾತಿರಲಿಲ್ಲ. ಅತ್ತೆ ಇದ್ದಕ್ಕಿದ್ದಂತೆ ಎದ್ದು ಹೊರಗೆ ಹೋದರು. ನಾನು ಹೆದರಿ ಹಿಂದೆ ಓಡಿದೆ.

“ಮಾಸ್ತರ್, ಆವತ್ತು ನನ್ನ ಯಾಕ ಹಿಡದ್ರಿ? ಹೋಗಲಿ ಅಂತ ಬಿಡಬಾರದಿತ್ತಾ?”

ಕಾಕಾ ಬಂಡಿಯ ಹಗ್ಗ ಬಿಗಿಯುವುದನ್ನು ಬಿಟ್ಟು ತಿರುಗಿದರು. “ಒಬ್ಬರ ಹಿಂದ ಒಬ್ಬರು ಹೋಗ್ತಿದ್ರಿ ಅಕ್ಕಾ. ನೀವು, ನಿಮ್ಮ ಹಿಂದ ಸೊಸಿ, ಆಕಿ ಹಿಂದ ಓಣಿ. ಎಲ್ಲೋ ಒಂದು ಕಡಿ ಹಿಡೀಬೇಕಿತ್ತು. ನನಗ ಗೊತ್ತಿದ್ದದ್ದು ಅದೊಂದೇ.”

ಕಾಕು ಎತ್ತಲು ಬಗ್ಗಿದ್ದ ನೀರಿನ ಕೊಡವನ್ನು ಅತ್ತೆ ತಾವೇ ಎತ್ತಿ ಬಂಡಿಯಲ್ಲಿಟ್ಟರು. ಕ್ಷಮಿಸಿದರು ಎಂದು ನಾನು ಬರೆಯಲಾರೆ. ‘ರಿ’ ಮಾತ್ರ ತಿರುಗಿ ಬಂದಿತ್ತು.

ತವರಿಗೆ ಹೋದಾಗೆಲ್ಲ ಔರಾದಿನಲ್ಲಿ ಅವರ ಮನೆಗೆ ಹೋಗಿ ಬರುತ್ತಿದ್ದೆ. ಆ ವಯಸ್ಸಿನಲ್ಲಿ ಕನ್ನಡದ ಪರೀಕ್ಷೆ ಕಟ್ಟಿ ಪಾಸಾಗಿದ್ದರು. ಒಮ್ಮೆ ಪಡಸಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದರು. ಒಬ್ಬ ಹುಡುಗಿ ಉತ್ತರ ಸರಿಯಾಗಿಯೇ ಹೇಳಿದಳು. ಮೊದಲಿನ ಕಾಕಾ ಆಗಿದ್ದರೆ ಶಾಭಾಸ್ ಎಂದು ಮುಗಿಸುತ್ತಿದ್ದರು. “ಛಲೋ. ಅದರ ಮುಂದ ಏನಾಗ್ತದ?” ಎಂದರು. ಅವಳು ಹೇಳಿದಳು. “ಅದನ್ನ ನೋಡಿದವ್ರು ಏನ್ ಮಾಡ್ತಾರ?” “ಗೊತ್ತಿಲ್ರಿ,” ಎಂದಳು ಹುಡುಗಿ. ಕಾಕಾ ಅವಳನ್ನು ಬೈಯಲಿಲ್ಲ. “ನನಗೂ ಗೊತ್ತಿಲ್ಲವ್ವಾ. ಹೋಗಿ ಕೇಳ್ಕೊಂಡು ಬರೋಣು” ಎಂದರು.

ಚಹಾ ಕುಡಿಯುವಾಗ ನಾನೇ ಧೈರ್ಯ ಮಾಡಿ, ಅಂದು ನೀವು ಬಂಡಿ ಒಯ್ಯದಿದ್ದರೆ ಆ ಮನೆಯ ಅಷ್ಟೂ ಜನ ಸುಟ್ಟುಹೋಗುತ್ತಿದ್ದರಲ್ಲ ಕಾಕಾ, ಎಂದೆ. ಅವರು ಬಟ್ಟಲನ್ನು ಕೆಳಗಿಟ್ಟರು.

“ಬೀಳ್ತಿತ್ತೋ ಇಲ್ಲೋ, ಆ ಬೆಂಕಿ ನಾ ಕಂಡಿಲ್ಲ,” ಎಂದರು. “ಪೈಲ್ವಾನನ್ನ ಕಂಡೀನಿ. ಈಗೂ ಯಾವುದಾದ್ರೂ ಒಳ್ಳೇದು ಮಾಡಬೇಕಂದ್ರ ಕೈ ನಡಗ್ತದ ಅವ್ವಾ. ಮಾಡ್ತೇನಿ. ಆದರ ನಡಗ್ತದ.”

ಅವರು ತೀರಿಕೊಂಡ ಸುದ್ದಿಯನ್ನು ಔರಾದಿನಿಂದ ಬಂದ ಬಸ್ಸಿನ ಕಂಡಕ್ಟರ್ ಹೇಳಿದ, ಮಣ್ಣು ಮಾಡಿ ದಿನಗಳಾದ ಮೇಲೆ. ಆಮೇಲೆ ಕಾಕು ಬಗದಲ್‌ಗೆ ಹೋದರು, ಅಲ್ಲೇ ತೀರಿಕೊಂಡರು. ಅತ್ತೆ ಇಲ್ಲ, ನಮ್ಮವರಿಲ್ಲ. ಸಾವಕಾರರ ಮರಿಮಕ್ಕಳು ಗಂಜಿನಲ್ಲಿ ಈಗಲೂ ಅಂಗಡಿ ನಡೆಸುತ್ತಾರೆ, ಎದುರಾದರೆ ನಮಸ್ಕಾರ ಮಾಡುತ್ತಾರೆ. ಅವರಿಗೆ ಏನೂ ಗೊತ್ತಿಲ್ಲ. ನಡೆಯದೇ ಹೋದದ್ದನ್ನು ಯಾರು ಯಾರಿಗೆ ಹೇಳುತ್ತಾರೆ? ಸತ್ತವನ ಹೆಸರಿಗೆ ವರ್ಷಕ್ಕೊಮ್ಮೆ ಎಡೆ ಇಡುತ್ತೇವೆ. ಉಳಿದವರಿಗೆ ತಾವು ಉಳಿದೆವು ಎಂಬುದೇ ತಿಳಿದಿಲ್ಲ.

ಈಗಲೂ ಮೊಬೈಲಿನಲ್ಲಿ ಏನೋ ಸುದ್ದಿ ಬರುತ್ತದೆ. ಮೊಮ್ಮಗ ಗಾಡಿಯ ಚಾವಿ ಹುಡುಕುತ್ತಾನೆ, ಸೊಸೆ ಚೀಲ ಹಿಡಿಯುತ್ತಾಳೆ, ಓಣಿಯ ಬಾಗಿಲುಗಳು ಒಂದರ ಹಿಂದೆ ಒಂದು ತೆರೆಯುತ್ತವೆ. ನನಗೆ ಹೆದರಿಕೆಯಾಗುತ್ತದೆ. ಸುದ್ದಿಗೆ ಅಲ್ಲ, ಆ ಬಾಗಿಲುಗಳ ಸದ್ದಿಗೆ. ನಿಲ್ಲಿರಿ ಎಂದರೆ ಇನ್ನೂ ಜೋರಾಗಿ ಓಡುತ್ತಾರೋ ಏನೋ ಎಂದು ಅದಕ್ಕೂ ಹೆದರಿಕೆ. ಇಂಥ ಹೊತ್ತಿನಲ್ಲಿ ಏನು ಮಾಡಬೇಕೆಂದು ಕೇಳಲು ಒಬ್ಬರಿದ್ದರು. ಅವರಿಗೂ ಉತ್ತರ ಗೊತ್ತಿರುತ್ತಿರಲಿಲ್ಲ... ಆದರೆ ನನ್ನ ಜೊತೆ ನಿಂತು ಹೆದರುತ್ತಿದ್ದರು.